ಗುರೆಳ್ಳಿಗೆ ಬಂದ ಗುಳೆ ಹಕ್ಕಿ

ಮಗಳ ಮನೆ ಹಿತ್ತಿಲ ಬೇಲಿಯಲ್ಲಿ ಒಂದು ಹಲಗೆ ಕಿತ್ತುಹೋಗದೆ ಇದ್ದಿದ್ದರೆ ಆ ವರ್ಷ ನನಗೆ ಮಾತೇ ಮರೆತುಹೋಗುತ್ತಿತ್ತೇನೋ. ಕೆನಡಾದ ಒಂಟಾರಿಯೊ ಸೀಮೆಯ ವಾಟರ್ಲೂ ಅಂತ ಊರು. ಅಲ್ಲಿ ಬೇಲಿ ಅಂದರೆ ನಮ್ಮ ಹಾಸನದ ಕಡೆಯ ಕಳ್ಳಿಬೇಲಿ, ದಾಸವಾಳದ ಬೇಲಿ ಅಲ್ಲ. ಆಳೆತ್ತರದ ಮರದ ಹಲಗೆಗಳನ್ನು ಸಂದಿಲ್ಲದ ಹಾಗೆ ಹೊಡೆದು ನಿಲ್ಲಿಸಿರುತ್ತಾರೆ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದ ವಾಸನೆ ಬರುತ್ತದೆಯೇ ಹೊರತು ಹಾಕಿದವರ ಮುಖ ಕಾಣುವುದಿಲ್ಲ. 2020ರ ಫೆಬ್ರವರಿಯಲ್ಲಿ ಆರು ತಿಂಗಳು ಇದ್ದು ಬರೋಣ ಅಂತ ಹೋದವಳು ನಾನು. ಮಾರ್ಚಿಯಲ್ಲಿ ಕೊರೋನಾದಿಂದಾಗಿ ವಿಮಾನವೆಲ್ಲ ನಿಂತವು. ಸೂಪರ್ ವೀಸಾ ಇದ್ದುದರಿಂದ ಓಡಿಸುವ ಭಯವಿರಲಿಲ್ಲ, ಆದರೆ ಯಾರ ಮನೆಗೆ ನಾವೂ ಹೋಗುವ ಹಾಗಿಲ್ಲ, ನಮ್ಮ ಮನೆಗೆ ಯಾರೂ ಬರುವ ಹಾಗಿಲ್ಲ. ಅಷ್ಟರಲ್ಲಿ ಮೇ ತಿಂಗಳ ಗಾಳಿಗೆ ಆ ಹಲಗೆ ಬಿತ್ತು. ಅಳಿಯ ಈ ಶನಿವಾರ ಹೊಡೀತೀನಿ, ಬರೋ ಶನಿವಾರ ಹೊಡೀತೀನಿ ಅನ್ನುತ್ತಲೇ ಇದ್ದ. ದೇವರು ಅವನ ಸೋಮಾರಿತನವನ್ನು ಹಾಗೇ ಇಟ್ಟಿರಲಿ.

ಸಂದಿಯ ಆಚೆ ಇದ್ದವರು ಗದಗ ಜಿಲ್ಲೆಯವರು, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರ ಕಡೆ ಶಾಲೆ ಟೀಚರಮ್ಮನನ್ನು ಅಕ್ಕೋರು ಅಂತಾರೆ. ನಾನೂ ಅಕ್ಕೋರೇ ಅಂದೆ. ನನಗಿಂತ ನಾಲ್ಕು ವರ್ಷ ದೊಡ್ಡವರು, ಅವರು ನನ್ನನ್ನು ತಂಗೆವ್ವಾ ಅಂದರು. ಹೀಗೆ ಒಂದು ಹಲಗೆಯ ಅಗಲದಲ್ಲಿ ಇಬ್ಬರಿಗೂ ಒಂದು ನಂಟಸ್ತನ ಕುದುರಿತು. ಬೆಳಗ್ಗೆ ಹತ್ತಕ್ಕೆ ಅವರು ಒಂದು ಕುರ್ಚಿ ಹಾಕಿಕೊಂಡು ಆ ಕಡೆ, ನಾನು ಒಂದು ಕುರ್ಚಿ ಹಾಕಿಕೊಂಡು ಈ ಕಡೆ.

ಹಕ್ಕಿ ವಿಷಯಕ್ಕೆ ಬರುತ್ತೇನೆ. ಮೊಮ್ಮಗಳಿಗೆ ಕಂಪ್ಯೂಟರಿನಲ್ಲೇ ಶಾಲೆ. ಹಿತ್ತಿಲಿಗೆ ಬರುವ ಹಕ್ಕಿ ಎಣಿಸಿ ಬರೀರಿ ಅಂತ ಮಿಸ್ಸು ಹೇಳಿದ್ದಾರೆ. ಆ ದೇಶದಲ್ಲಿ ಇದೊಂದು ದೊಡ್ಡ ವ್ರತವಂತೆ. ಚಳಿಗಾಲದಲ್ಲಿ ಮನೆಮನೆಯವರು ಕಿಟಕಿ ಪಕ್ಕ ಕೂತು ಲೆಕ್ಕ ಬರೆದು ಕಳಿಸುತ್ತಾರೆ. ಒಂಟಾರಿಯೊದಲ್ಲೇ 1976ರಲ್ಲಿ ಶುರುವಾಗಿ, 1987ರಿಂದ ಅಮೆರಿಕವೂ ಸೇರಿಕೊಂಡು, ಪ್ರಾಜೆಕ್ಟ್ ಫೀಡರ್‌ವಾಚ್ ಅಂತ ನಡೆಯುತ್ತಿದೆ. ಸರಿ, ಅಳಿಯ ಹಕ್ಕಿಗೆ ಕಾಳು ಹಾಕುವ ಕೊಳವೆ ತಂದ, ಅದಕ್ಕೆ ತುಂಬುವ ಕಾಳಿನ ಚೀಲವನ್ನೂ ತಂದ. ಚೀಲದ ಮೇಲೆ ನೈಜರ್ ಅಂತ ಏನೋ ವೈಭವದ ಹೆಸರು, ಬೆಲೆಯೂ ಅಷ್ಟೇ ವೈಭವದ್ದು. ಕತ್ತರಿಯಲ್ಲಿ ಮೂಲೆ ಕತ್ತರಿಸಿ ಅಂಗೈಗೆ ಸುರಿದುಕೊಂಡೆ. ಕಪ್ಪಗೆ ಮಿಂಚುವ, ಸಣ್ಣಗೆ ಉದ್ದುದ್ದ ಕಾಳು, ಒಂದು ತುದಿ ಚೂಪು. ಎರಡು ಬೆರಳಲ್ಲಿ ಉಜ್ಜಿ ಮೂಸಿದೆ. ಎದೆ ಧಸಕ್ಕೆಂದಿತು. ಹುಚ್ಚೆಳ್ಳು!

ಓಡಿಹೋಗಿ ಹಲಗೆ ಸಂದಿಯಲ್ಲಿ ಕೈ ಚಾಚಿದೆ. ಅಕ್ಕೋರು ಕನ್ನಡಕ ಏರಿಸಿ ನೋಡಿ, ನಾಲ್ಕು ಕಾಳು ಹಲ್ಲಿಗೆ ಹಾಕಿಕೊಂಡು ಕಟಕ್ ಅನ್ನಿಸಿ, "ಯವ್ವಾ! ಗುರೆಳ್ಳ ಐತೆಲ್ರಿ ತಂಗೆವ್ವಾ ಇದು! ಇದನ್ನ ಗುಬ್ಬಿಗೆ ಹಾಕತಾರೇನು?" ಅಂದರು. ಅವರ ಕಡೆ ರೊಟ್ಟಿಯ ಪಕ್ಕ ಗುರೆಳ್ಳು ಚಟ್ನಿಪುಡಿ, ಅದರ ಮೇಲೆ ಒಂದು ಕುಣಿ ಮಾಡಿ ಎಣ್ಣೆ ಇಲ್ಲದಿದ್ದರೆ ಅದು ಊಟವೇ ಅಲ್ಲ. ನಮ್ಮ ಕಡೆ ಹುಚ್ಚೆಳ್ಳು ಚಟ್ನಿ ಇದ್ದ ದಿನ ಮುದ್ದೆ ಎರಡು ಜಾಸ್ತಿ ಇಳಿಯುತ್ತದೆ. ಚೀಲ ತಿರುಗಿಸಿದರೆ ಕೆಳಗೆ ಇಷ್ಟು ಸಣ್ಣ ಅಕ್ಷರದಲ್ಲಿ ಇಂಡಿಯಾದ ಬೆಳೆ ಅಂತ ಬರೆದಿದೆ. ಅಮೆರಿಕ, ಕೆನಡಾದ ಹಕ್ಕಿಗಳಿಗೆ ಇಂಡಿಯಾ, ಇಥಿಯೋಪಿಯಾ, ಬರ್ಮಾಗಳಿಂದ ಹಡಗಿನಲ್ಲಿ ಹೋಗುತ್ತದಂತೆ ಗುರೆಳ್ಳು. ಜೊತೆಯಲ್ಲಿ ಕಳೆಯ ಬೀಜ ಬಂದು ಮೊಳೆತೀತು ಅಂತ ಹದವಾಗಿ ಕಾಯಿಸಿಯೇ ಮಾರುತ್ತಾರೆ. "ಅಂದ್ರ ಅರ್ಧ ಹುರದ ಕೊಟ್ಟಾರ. ಬಳ್ಳೊಳ್ಳಿ, ಒಣಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟಿಬಿಟ್ರ ಆತು" ಅಂದರು ಅಕ್ಕೋರು. ಮಗಳು ಒಳಗಿನಿಂದಲೇ ಕೂಗಿದಳು, "ಅಮ್ಮಾ, ಅದು ಮನುಷ್ಯರು ತಿನ್ನೋದಲ್ಲ, ಕ್ಲೀನ್ ಮಾಡಿರಲ್ಲ!" ಮಾರನೇ ದಿನ ಅಕ್ಕೋರು ಸೂಟ್‌ಕೇಸಿನ ತಳದಲ್ಲಿ ಉಳಿಸಿಕೊಂಡಿದ್ದ ಗದಗಿನ ಗುರೆಳ್ಳು ಪುಡಿಯ ಡಬ್ಬಿಯಿಂದ ನಾಲ್ಕು ಚಮಚ ಕಾಗದದಲ್ಲಿ ಕಟ್ಟಿ ಸಂದಿಯಲ್ಲಿ ಕೊಟ್ಟರು. ಹಕ್ಕಿಗೆ ಒಂದು ಚೀಲ, ನಮಗೆ ನಾಲ್ಕು ಚಮಚ.

ಅಕ್ಟೋಬರ್ ಎರಡನೇ ವಾರ ಇರಬೇಕು. ಬೆಳಗ್ಗೆ ಕಾಫಿ ಹಿಡಿದು ಕಿಟಕಿಗೆ ಬಂದರೆ ಕೊಳವೆಯ ಮೇಲೆ ಜೇನು ಮುತ್ತಿದ ಹಾಗೆ ಏನೋ ಮುತ್ತಿದೆ. ಗುಬ್ಬಿಗಿಂತ ಸಣ್ಣವು, ಮೈಯೆಲ್ಲ ಕಂದು ಗೆರೆ ಗೆರೆ, ರೆಕ್ಕೆ ಬಿಚ್ಚಿದಾಗ ಮಾತ್ರ ಹಳದಿ ಜರಿ ಹೊಳೆದು ಮಾಯ. ಕೊಳವೆಗೆ ಆರು ಕಡ್ಡಿ, ಕೂರಲು ಬಂದವು ನಲವತ್ತು. ಒಂದೊಂದೂ ಪಕ್ಕದ್ದರ ಮೇಲೆ ರೆಕ್ಕೆ ಬಿಚ್ಚಿ, ಕೊಕ್ಕು ತೆರೆದು, ನಲ್ಲಿ ಮುಂದಿನ ಕೊಡದ ಜಗಳ ಮಾಡುತ್ತಿದೆ. ಮೊಮ್ಮಗಳು ಪುಸ್ತಕ ನೋಡಿ ಪೈನ್ ಸಿಸ್ಕಿನ್ ಅಂದಳು. ಒಂದನ್ನೇ ಗುರಿಯಿಟ್ಟು ನೋಡಿದೆ. ಕಾಳನ್ನು ಕೊಕ್ಕಿನಲ್ಲಿ ಅಡ್ಡ ಹಿಡಿದು, ನಾಲಗೆಯಲ್ಲಿ ಹೊರಳಿಸಿ, ಸಿಪ್ಪೆ ಎರಡು ಹೋಳು ಮಾಡಿ ಉಗಿದು, ಒಳಗಿನ ಬಿಳಿ ತಿರುಳನ್ನು ಮಾತ್ರ ನುಂಗುತ್ತದೆ. ನಾವು ಸಿಪ್ಪೆಸಮೇತ ಕುಟ್ಟಿ ತಿನ್ನುವವರು, ಅದು ಸಿಪ್ಪೆ ಸುಲಿದು ತಿನ್ನುವುದು. ಮಧ್ಯಾಹ್ನದ ಹೊತ್ತಿಗೆ ಕೊಳವೆಯ ಕೆಳಗೆ ಕರೀ ಹೊಟ್ಟಿನ ರಾಶಿ, ನಮ್ಮ ಕಣದಲ್ಲಿ ತೂರಿದ ಹಾಗೆ.

"ಪಾಪ, ಮೇಲುಗಡೆ ಚಳಿ ಜಾಸ್ತಿಯಾಗಿರಬೇಕು, ಕೆಳಗಡೆ ಓಡಿಬಂದಿವೆ" ಅಂದೆ ನಾನು. ನಮ್ಮ ಬೀದಿಯಲ್ಲೇ ಇದ್ದ ಒಬ್ಬ ಹಳೇ ಕೆನಡಾದವರೂ ಅಳಿಯನ ಹತ್ತಿರ ಅದನ್ನೇ ಹೇಳಿದ್ದರು: ಈ ಹಕ್ಕಿ ಇಷ್ಟು ಬೇಗ ಬಂದರೆ ಚಳಿಗಾಲ ಭಯಂಕರವಾಗಿರುತ್ತೆ. ಮೊಮ್ಮಗಳು ನನ್ನನ್ನೂ ಅವರನ್ನೂ ಒಂದೇ ಏಟಿಗೆ ಹೊಡೆದುಹಾಕಿದಳು. "ಅಜ್ಜಿ, ದೇ ಡೋಂಟ್ ಕೇರ್. ಅವಕ್ಕೆ ಚಳಿ ಅಂದ್ರೆ ಏನೂ ಇಲ್ಲ." ಸಿಸ್ಕಿನ್ನಿಗೆ ಚಳಿ ಹೆಚ್ಚಾದರೆ ಒಳಗಿನ ಒಲೆಯನ್ನೇ ಹೆಚ್ಚು ಉರಿಸಿಕೊಳ್ಳುವ ಶಕ್ತಿಯಿದೆಯಂತೆ. ರಾತ್ರಿಗೆ ಬೇಕಾದ ಬುತ್ತಿಯನ್ನು, ತನ್ನ ತೂಕದ ಹತ್ತರಲ್ಲೊಂದು ಪಾಲಿನಷ್ಟು ಕಾಳನ್ನು, ಗಂಟಲ ಚೀಲದಲ್ಲೇ ಕಟ್ಟಿಕೊಂಡು ಮಲಗುತ್ತದಂತೆ. ಅದರ ದಾಯಾದಿ ರೆಡ್‌ಪೋಲ್ ಅಂತ ಇನ್ನೊಂದು ಇದೆ. ಅದು ಹಿಮದೊಳಗೆ ಒಂದಡಿಗೂ ಉದ್ದದ ಸುರಂಗ ಕೊರೆದು ಅದರೊಳಗೆ ನಿದ್ದೆ ಮಾಡುತ್ತದೆ, ಸೊನ್ನೆಗಿಂತ 54 ಡಿಗ್ರಿ ಕೆಳಗಿನ ಥಂಡಿಯನ್ನೂ ತಡೆಯುತ್ತದೆ. ಎರಡು ಸ್ವೆಟರ್, ಒಂದು ಕಂಬಳಿ, ಒಂದು ಮಂಕಿ ಟೋಪಿಯಲ್ಲಿ ಕೂತಿದ್ದ ನಾನು ಪಾಪ ಅಂದದ್ದು ಇಂಥ ಹಕ್ಕಿಗಳನ್ನು.

ಹಾಗಾದರೆ ಯಾಕೆ ಬಂದವು? ಹೊಟ್ಟೆಗಿಲ್ಲದೆ ಬಂದವು.

ಆ ವಿಷಯ ಸಂದಿಯಲ್ಲಿ ಹೇಳಿದಾಗ ಅಕ್ಕೋರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರ ಇದು ವಲಸೆ ಅಲ್ರಿ ತಂಗೆವ್ವಾ, ಗುಳೆ" ಅಂದರು. ಅವರ ಸೀಮೆಗೆ ಹತ್ತಿರ, ಶಿರಹಟ್ಟಿ ಕಡೆ ಮಾಗಡಿ ಕೆರೆ ಅಂತ ಇದೆ. ಅಲ್ಲಿಗೆ ಪ್ರತಿ ವರ್ಷ ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ತಲೆಯ ಮೇಲೆ ಎರಡು ಕಪ್ಪು ಪಟ್ಟೆಯ ಹೆಬ್ಬಾತುಗಳು ಬರುತ್ತವೆ. ದೀಪಾವಳಿ ಕಳೆಯಿತು ಅಂದರೆ ಬಂದವು, ಶಿವರಾತ್ರಿ ಮುಗಿಯಿತು ಅಂದರೆ ಹೋದವು. ಮಳೆ ಬರಲಿ, ಬಿಡಲಿ, ಅವುಗಳ ಕ್ಯಾಲೆಂಡರ್ ತಪ್ಪುವುದಿಲ್ಲ. ಅದು ವಲಸೆ. ಇದು ಹಾಗಲ್ಲ. ಒಂದು ವರ್ಷ ಸಾವಿರಗಟ್ಟಲೆ ಬಂದು ಮುತ್ತುತ್ತವೆ, ಮುಂದಿನ ಎರಡು ವರ್ಷ ಒಂದು ಗರಿಯೂ ಇಲ್ಲ. ಒಂದು ವರ್ಷ ಬೆಂಗಳೂರಿನಷ್ಟು ದೂರ, ಇನ್ನೊಂದು ವರ್ಷ ಪಕ್ಕದ ತಾಲ್ಲೂಕಿಗೇ ನಿಂತವು. ಎಲ್ಲಿ ಕೂಳು ಸಿಕ್ಕಿತೋ ಅಲ್ಲಿಗೆ.

ಅಕ್ಕೋರು ಹಾಜರಿ ಪುಸ್ತಕದ ಕಥೆ ಹೇಳಿದ್ದು ಆವತ್ತು. ಮುಂಗಾರು ಕೈಕೊಟ್ಟು ಹಿಂಗಾರೂ ಕೈಕೊಟ್ಟ ವರ್ಷ, ನವೆಂಬರಿನ ಹೊತ್ತಿಗೆ ತಾಂಡಾದಿಂದ, ಕೇರಿಯಿಂದ ರಾತ್ರಿ ಬಸ್ಸುಗಳು ತುಂಬಿಕೊಂಡು ಹೋಗುತ್ತಿದ್ದವಂತೆ. ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಬೆಳಗ್ಗೆ ಇವರು ಹೆಸರು ಕೂಗಿದರೆ ಮೂವತ್ತೆಂಟು ಮಕ್ಕಳಲ್ಲಿ ಹದಿನಾಲ್ಕು ಮಾತ್ರ "ಹಾಜರ್‍ರಿ" ಅನ್ನುವುವು. ಉಳಿದ ಹೆಸರುಗಳ ಮುಂದೆ ಗೈರು, ಗೈರು, ಗೈರು. "ಆ ಪುಸ್ತಕ ನೋಡಿದ್ರ ಸಾಕಿತ್ರಿ, ಆ ವರ್ಷದ ಮಳಿ ಎಷ್ಟಾಗೇತಿ ಅಂತ ಹೇಳಬೌದಿತ್ತು. ತಹಶೀಲ್ದಾರ ಕಚೇರಿಗೆ ಹೋಗೋದ ಬ್ಯಾಡ." ಕೊಳವೆಯ ಕಡೆ ನೋಡುತ್ತ, "ಇವೂ ಅಲ್ಲಿ ಯಾವುದೋ ಸಾಲಿಯೊಳಗ ಗೈರು ಅದಾವು" ಅಂದರು.

ಅಲ್ಲಿ ಬೆಳೆ ಇಡುವುದು ಮರಗಳು. ಕೆನಡಾದ ಉತ್ತರಕ್ಕೆ ಸಮುದ್ರದಿಂದ ಸಮುದ್ರದವರೆಗೆ ಸ್ಪ್ರೂಸ್, ಪೈನ್, ಬರ್ಚ್ ಮರಗಳ ಕಾಡು. ಈ ಹಕ್ಕಿಗಳ ಹೊಲ, ಕಣಜ ಎಲ್ಲ ಅದೇ. ಸ್ಪ್ರೂಸ್ ಮರ ನಮ್ಮ ಹಲಸಿನ ಮರದ ಹಾಗೆ ವರ್ಷವರ್ಷವೂ ಒಂದೇ ತೆರನಾಗಿ ಕಾಯುವುದಿಲ್ಲ. ಒಂದು ವರ್ಷ ತುದಿ ಬಾಗುವ ಹಾಗೆ ಕಾಯಿ, ಆಮೇಲೆ ಒಂದೆರಡು ವರ್ಷ ಮರ ಖಾಲಿ. ಒಂಟಿ ಮರ ಹೀಗೆ ಮಾಡಿದರೆ ಹಕ್ಕಿ ಪಕ್ಕದ ಮರಕ್ಕೆ ಹೋದೀತು, ಆದರೆ ಇವು ನೂರಾರು ಮೈಲಿಯ ಉದ್ದಕ್ಕೂ ಮಾತಾಡಿಕೊಂಡ ಹಾಗೆ ಒಟ್ಟಿಗೇ ಕಾಯುತ್ತವೆ, ಒಟ್ಟಿಗೇ ಮುಷ್ಕರ ಹೂಡುತ್ತವೆ. ಹಿಂದಿನ ಬೇಸಿಗೆ ಬಿಸಿಲಾಗಿ, ಒಣದಾಗಿ ಇದ್ದರೆ ಮೊಗ್ಗು ಕಟ್ಟುತ್ತದೆ, ಮುಂದಿನ ವರ್ಷ ಬೆಳೆ. ಹಾಗೆ ಒಮ್ಮೆ ಕಾಯ್ದ ಮರಕ್ಕೆ ಸುಸ್ತು. ಈಗ ಲೆಕ್ಕ ಹಾಕಿ ನೋಡಿ. ಬೆಳೆ ಬಂದ ವರ್ಷ ಹಕ್ಕಿಗಳು ಹೊಟ್ಟೆತುಂಬ ತಿಂದು ಮನೆತುಂಬ ಮರಿ ಮಾಡಿಕೊಂಡಿರುತ್ತವೆ. ಮರುವರ್ಷ ಬಾಯಿ ದುಪ್ಪಟ್ಟು, ಕಣಜ ಖಾಲಿ. ಗುಳೆ ಏಳದೆ ಇನ್ನೇನು? ಅಮೆರಿಕದ ವಿಜ್ಞಾನಿಗಳು 2015ರಲ್ಲಿ ಈ ಕಿಟಕಿ ಪಕ್ಕದವರ ಲೆಕ್ಕಗಳನ್ನೇ ಗುಡ್ಡೆ ಹಾಕಿ ನೋಡಿದಾಗ, ಸಿಸ್ಕಿನ್ನುಗಳ ಓಡಾಟದ ಹಿಂದೆ ಒಂದೆರಡು ವರ್ಷ ಮೊದಲಿನ ಹವಾಮಾನದ ಕೈವಾಡ ಕಂಡಿತು. ಖಂಡದ ಒಂದು ಕಡೆ ಮರಕ್ಕೆ ಒಗ್ಗುವ ಹವೆ ಇದ್ದಾಗ ಇನ್ನೊಂದು ಕಡೆ ಒಗ್ಗದ ಹವೆ, ತಕ್ಕಡಿಯ ಹಾಗೆ. ಹಕ್ಕಿಯ ದಂಡು ಭಾರವಿದ್ದ ತಟ್ಟೆಯ ಕಡೆ ಜಾರುತ್ತದೆ.

ಹೀಗಿರುವುದರಿಂದ ಅಲ್ಲೊಂದು ಪಂಚಾಂಗವೂ ಹುಟ್ಟಿಕೊಂಡಿದೆ. ನಾನು ಹುಡುಗಾಟಕ್ಕೆ ಹೇಳುತ್ತಿಲ್ಲ. ಒಂಟಾರಿಯೊದ ರಾನ್ ಪಿಟ್ಟವೇ ಎಂಬ ಪಕ್ಷಿಪ್ರೇಮಿ 1999ರಿಂದ ಇಪ್ಪತ್ತು ವರ್ಷ, ಪ್ರತಿ ಚಳಿಗಾಲಕ್ಕೆ ಮುಂಚೆ ಫಿಂಚ್ ಭವಿಷ್ಯ ಅಂತ ಬರೆದರು. ಸಿಸ್ಕಿನ್, ರೆಡ್‌ಪೋಲ್ ಎಲ್ಲ ಸೇರಿದ ಬಳಗಕ್ಕೆ ಫಿಂಚ್ ಅಂತ ಹೆಸರು. ನಮ್ಮ ಜೋಯಿಸರು ಯುಗಾದಿ ದಿನ ಇಷ್ಟು ಕೊಳಗ ಮಳೆ, ಕೆಂಪು ಧಾನ್ಯ ವೃದ್ಧಿ ಅಂತ ಓದುತ್ತಾರಲ್ಲ, ಅದೇ ಧಾಟಿ; ಆದರೆ ಇವರು ನೋಡುವುದು ಗ್ರಹವನ್ನಲ್ಲ, ಮರದ ತುದಿಯನ್ನು. ಕಾಡಿನಲ್ಲಿ ಓಡಾಡುವವರಿಂದೆಲ್ಲ ಯಾವ ಕಡೆ ಸ್ಪ್ರೂಸ್ ಕಾಯಿ ಹೇಗಿದೆ, ಬರ್ಚ್ ಬೀಜ ಹೇಗಿದೆ ಅಂತ ತರಿಸಿಕೊಂಡು, ಈ ವರ್ಷ ಯಾವ ಹಕ್ಕಿ ಕೆಳಗಿಳಿಯುತ್ತದೆ, ಯಾವುದು ಮನೆಯಲ್ಲೇ ಇರುತ್ತದೆ ಅಂತ ಹೇಳುವುದು. 2020ರಲ್ಲಿ ಅದನ್ನು ಟೈಲರ್ ಹೋರ್ ಎಂಬುವರು ವಹಿಸಿಕೊಂಡರು. ಪಾಪ, ಕೈಗೆ ತೆಗೆದುಕೊಂಡ ಮೊದಲ ವರ್ಷವೇ ಎಂಥದು! ಆ ಚಳಿಗಾಲ ಒಂದಲ್ಲ ಎರಡಲ್ಲ, ಉತ್ತರದ ಫಿಂಚುಗಳ ಇಡೀ ಬಳಗವೇ ಎದ್ದು ಬಂತು. ಸೂಪರ್‌ಫ್ಲೈಟ್ ಅಂತ ಅದಕ್ಕೆ ಹೆಸರಾಯಿತು. ಮನುಷ್ಯರೆಲ್ಲ ಮನೆಯಲ್ಲಿ ಕೂತ ವರ್ಷವೇ ಹಕ್ಕಿಗಳೆಲ್ಲ ಊರು ಬಿಟ್ಟವು.

ನವೆಂಬರಿನಲ್ಲಿ ದೊಡ್ಡವರು ಬಂದರು. ದೊಡ್ಡವರು ಅಂದೆ, ಬೇರೆ ಪದ ತೋಚುವುದಿಲ್ಲ. ಹನ್ನೆರಡು ಹಕ್ಕಿ, ಮೈನಾ ಹಕ್ಕಿಗಿಂತ ತುಸು ಚಿಕ್ಕವು, ಆದರೆ ಕತ್ತು ಕುಳ್ಳು, ಮೈ ದಪ್ಪ. ಗಂಡಿಗೆ ಅರಿಶಿನದ ಮೈ, ಕಪ್ಪು ರೆಕ್ಕೆಯಲ್ಲಿ ಬಿಳೀ ವಸ್ತ್ರ ಮಡಿಸಿಟ್ಟ ಹಾಗೆ ಒಂದು ಪಟ್ಟಿ, ಹುಬ್ಬಿನ ಮೇಲೆ ಹಳದಿ ಗಂಧ. ಕೊಕ್ಕು ನೋಡಿದರೆ ಅಡಕತ್ತರಿಯ ನೆನಪು. ಅಕ್ಕೋರು ಸಂದಿಯಿಂದ ಬಗ್ಗಿ ನೋಡಿ, "ಮದವಿಗೆ ಬಂದ ಬೀಗರ ಹಂಗ ಅದಾವಲ್ರಿ!" ಅಂದರು. ಬೀಗರೇ ಸರಿ. ಗುರೆಳ್ಳಿನ ಕೊಳವೆಯನ್ನು ತಿರುಗಿಯೂ ನೋಡದೆ, ಸೂರ್ಯಕಾಂತಿ ಬೀಜದ ತಟ್ಟೆಯಲ್ಲಿ ಕಾಲೂರಿ ನಿಂತು, ಒಂದು ಗಂಟೆಯಲ್ಲಿ ಒಂದು ಸೇರು ಬೀಜ ಅಡಕೆ ಕತ್ತರಿಸಿದ ಹಾಗೆ ಕತ್ತರಿಸಿ ಎದ್ದರು. ಈವನಿಂಗ್ ಗ್ರಾಸ್‌ಬೀಕ್ ಅಂತ ಹೆಸರು. ಸಂಜೆ ಮಾತ್ರ ಕೂಗುತ್ತದೆ ಅಂತ ಹತ್ತೊಂಬತ್ತನೇ ಶತಮಾನದಲ್ಲಿ ಯಾರೋ ತಪ್ಪು ತಿಳಿದು ಇಟ್ಟದ್ದು. ನಮ್ಮಲ್ಲಿಗೆ ಬಂದದ್ದು ಬೆಳಗ್ಗೆ ಒಂಬತ್ತಕ್ಕೆ, ಕೂಗಾಟ ಮೂರು ಮನೆಗೆ ಕೇಳುವಷ್ಟು.

ಈ ಹಕ್ಕಿ ಹಿಂದೆ ಕೆನಡಾದ ಪೂರ್ವದಲ್ಲಿ ಅಷ್ಟಾಗಿ ಇರಲೇ ಇಲ್ಲವಂತೆ. ಪಶ್ಚಿಮದ್ದು. 1889-90ರ ಚಳಿಗಾಲದಲ್ಲಿ ದಂಡುದಂಡಾಗಿ ಅಟ್ಲಾಂಟಿಕ್ ಕಡೆಗೆ ಬಂದು ಜನರನ್ನು ಬೆರಗುಗೊಳಿಸಿತು. ಆಮೇಲೆ ಅಭ್ಯಾಸವಾಯಿತು, ಬೀದಿ ಬದಿಯ ಮ್ಯಾನಿಟೋಬಾ ಮೇಪಲ್ ಮರಗಳ ಬೀಜದ ರುಚಿ ಹತ್ತಿತು, ಅಲ್ಲೇ ನೆಲೆನಿಂತವು. 1970ರ ಸುಮಾರಿಗೆ ಸ್ಪ್ರೂಸ್ ಕಾಡಿಗೆ ಒಂದು ಕಂಬಳಿಹುಳು ಬಿದ್ದು, ಇವು ಮರಿಗಳಿಗೆ ಆ ಹುಳು ತಿನ್ನಿಸಿ ತಿನ್ನಿಸಿ ಲೆಕ್ಕವಿಲ್ಲದಷ್ಟು ಹೆಚ್ಚಿಕೊಂಡವು. ಹುಳು ಹೋಯಿತು, ಹಕ್ಕಿಯೂ ಕರಗಿತು. 1970ರಿಂದ 2016ರ ಹೊತ್ತಿಗೆ ನೂರಕ್ಕೆ 92ರಷ್ಟು ಇಳಿದಿವೆ ಅಂತ ಲೆಕ್ಕ. ಅದು ತಿಳಿದ ಮೇಲೆ ಅಳಿಯ ಸೂರ್ಯಕಾಂತಿ ಬೀಜದ ಬೆಲೆಯ ಬಗ್ಗೆ ಗೊಣಗುವುದನ್ನು ಬಿಟ್ಟ. ಆದರೆ ಬೀಗರು ಮೂರನೇ ದಿನ ಹೊರಟೇಹೋದರು, ಮತ್ತೆ ಬರಲಿಲ್ಲ. ಬೇರೆ ಯಾರದೋ ಮನೆಯಲ್ಲಿ ಇದಕ್ಕಿಂತ ಒಳ್ಳೆ ಊಟ ಇದ್ದಿರಬೇಕು.

ನಾನು ನೋಡಬೇಕು ಅಂತ ಬಹಳ ಆಸೆಪಟ್ಟು ನೋಡಲಾಗದೆ ಹೋದದ್ದು ಕ್ರಾಸ್‌ಬಿಲ್. ಕೊಕ್ಕಿನ ಮೇಲಿನ ತುದಿ ಒಂದು ಕಡೆ, ಕೆಳಗಿನ ತುದಿ ಇನ್ನೊಂದು ಕಡೆ, ಕತ್ತರಿ ಹಾಕಿದ ಹಾಗೆ. ಚಿತ್ರ ನೋಡಿದರೆ ಪಾಪ ಹುಟ್ಟುವಾಗಲೇ ಊನ ಅನಿಸಬೇಕು. ಆದರೆ ಆ ಕೊಕ್ಕನ್ನು ಮುಚ್ಚಿದ ಪೈನ್ ಕಾಯಿಯ ಪದರಕ್ಕೆ ತೂರಿಸಿ ಒಂದು ಸಲ ತಿರುಚಿದರೆ ಬೀಜ ಈಚೆಗೆ. ಬಿಳಿರೆಕ್ಕೆಯ ಕ್ರಾಸ್‌ಬಿಲ್ ದಿನಕ್ಕೆ 3,000 ಬೀಜದವರೆಗೂ ತಿನ್ನುತ್ತದಂತೆ. ಬೆಳೆ ಇರುವ ಕಾಡು ಸಿಕ್ಕಿತೋ, ಜನವರಿಯ ಹಿಮದಲ್ಲೇ ಗೂಡು ಕಟ್ಟಿ ಮರಿ ಮಾಡಿಬಿಡುತ್ತದೆ. ಮುಹೂರ್ತ, ಧನುರ್ಮಾಸ ಅಂತೆಲ್ಲ ನೋಡುವುದಿಲ್ಲ. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ಮ್ಯಾಥ್ಯೂ ಪ್ಯಾರಿಸ್ ಎಂಬ ಸನ್ಯಾಸಿ ತನ್ನ ಬಖೈರಿನಲ್ಲಿ 1251ನೇ ಇಸವಿಯ ಕೆಳಗೆ ಕ್ರಾಸ್‌ಬಿಲ್‌ಗಳ ದಂಡಯಾತ್ರೆಯನ್ನು ಬರೆದಿಟ್ಟಿದ್ದಾನೆ. ಯಾರೂ ಕಂಡಿರದ ಹಕ್ಕಿಗಳು ತೋಟಕ್ಕೆ ಬಿದ್ದು, ಇಕ್ಕಳದಂಥ ಕೊಕ್ಕಿನಲ್ಲಿ ಸೇಬು ಸೀಳಿ, ಒಳಗಿನ ಬೀಜ ಮಾತ್ರ ತಿಂದು ಹಣ್ಣನ್ನು ಎಸೆದು ಹೋದವು ಅಂತ. ಸೋಮನಾಥಪುರದ ಗುಡಿ ಆಗಿನ್ನೂ ಆಗಿರಲಿಲ್ಲ. ಸೇಬು ಬಿಟ್ಟು ಬೀಜ ತಿನ್ನುವ ಬುದ್ಧಿಗೇ ಆ ಸನ್ಯಾಸಿಗೆ ಜಾಸ್ತಿ ಸಿಟ್ಟು ಬಂದಿತ್ತು ಅಂತ ನನ್ನ ಗುಮಾನಿ.

ಇಂಥ ಅಲೆಮಾರಿ ಜಾತಿಯಲ್ಲೂ ಊರು ಬಿಡದ ಒಂದು ಶಾಖೆ ಇದೆ. ಅಮೆರಿಕದ ಐಡಹೊದಲ್ಲಿ ಒಂದೆರಡು ಬೆಟ್ಟಗಳಲ್ಲಿ ಮಾತ್ರ ಇರುವ ಕ್ಯಾಸಿಯಾ ಕ್ರಾಸ್‌ಬಿಲ್. 2017ರಲ್ಲಿ ಅದನ್ನು ಬೇರೆ ಜಾತಿ ಅಂತಲೇ ಒಪ್ಪಿಕೊಂಡರು. ಕಾರಣ ಕೇಳಿದರೆ ನಗು ಬರುತ್ತದೆ. ಆ ಬೆಟ್ಟಗಳಲ್ಲಿ ಕೆಂಪು ಅಳಿಲು ಇಲ್ಲ. ಕದಿಯುವವರಿಲ್ಲದೆ ಪೈನ್ ಕಾಯಿ ಬಾಯಿ ಮುಚ್ಚಿಕೊಂಡು ವರ್ಷಾನುಗಟ್ಟಲೆ ಮರದಲ್ಲೇ ಉಳಿಯುತ್ತದೆ, ಕಣಜ ಯಾವತ್ತೂ ತುಂಬಿರುತ್ತದೆ. ಮತ್ತೆ ಊರು ಯಾಕೆ ಬಿಡಬೇಕು? ಈ ಕಥೆ ಕೇಳಿದಾಗ ಅಕ್ಕೋರು ತಮ್ಮ ಬೀಜದ ತಟ್ಟೆಯಲ್ಲಿ ಕೂತಿದ್ದ ಅಳಿಲಿಗೆ ಚಪ್ಪಲಿ ತೋರಿಸುತ್ತ, "ಅಳಲಿಲ್ಲದ ಊರು ಇದ್ರ ನಾನೂ ಅಲ್ಲೇ ಇರತಿದ್ದೆ" ಅಂದರು.

ಜನವರಿಯಲ್ಲಿ ರೆಡ್‌ಪೋಲ್‌ಗಳು ಬಂದವು. ಹಿಮ ಮೊಣಕಾಲುದ್ದ ಬಿದ್ದಿತ್ತು, ನಮ್ಮ ಕುರ್ಚಿಗಳು ಹಿಮದಲ್ಲಿ ಹೂತಿದ್ದವು, ಮಾತು ಐದು ನಿಮಿಷಕ್ಕೆ ಇಳಿದಿತ್ತು. ಹತ್ತಿಯುಂಡೆಯಂಥ ಹಕ್ಕಿ. ಹಣೆಯ ಮೇಲೆ ಕುಂಕುಮ ಇಟ್ಟಿದೆ! ಗಂಡು ಹೆಣ್ಣು ಎನ್ನದೆ ಎಲ್ಲಕ್ಕೂ. ಗಲ್ಲದ ಕೆಳಗೆ ಒಂದು ಕಪ್ಪು ಚುಕ್ಕೆ, ದೃಷ್ಟಿಬೊಟ್ಟು. "ಶುಕ್ರವಾರದ ಮುತ್ತೈದಿಯರು" ಅಂತ ಅಕ್ಕೋರು ಹೆಸರಿಟ್ಟರು, ನಮ್ಮ ಮೊಮ್ಮಗಳ ಎಣಿಕೆ ಪುಸ್ತಕದಲ್ಲೂ ಅದೇ ಹೆಸರು ಕನ್ನಡದಲ್ಲಿ ಬಿತ್ತು. ಇವುಗಳ ತಿರುಗಾಟದ ಮುಂದೆ ನನ್ನ ಕೆನಡಾ ಪ್ರಯಾಣ ಸಂತೆಗೆ ಹೋಗಿ ಬಂದ ಹಾಗೆ. ಮಿಶಿಗನ್ನಿನಲ್ಲಿ ಕಾಲಿಗೆ ಉಂಗುರ ಹಾಕಿದ ಒಂದು ರೆಡ್‌ಪೋಲ್ ಸೈಬೀರಿಯಾದಲ್ಲಿ ಸಿಕ್ಕಿತಂತೆ. ಬೆಲ್ಜಿಯಮ್ಮಿನಲ್ಲಿ ಉಂಗುರ ಹಾಕಿದ್ದು ಎರಡು ವರ್ಷದ ಮೇಲೆ ಚೀನಾದಲ್ಲಿ. ಇದೇ ಬಳಗದ ಬ್ರಾಂಬ್ಲಿಂಗ್ ಅಂತ ಯೂರೋಪಿನ ಹಕ್ಕಿ, ಬೀಚ್ ಮರ ಕಾಯ್ದ ಕಡೆ ಕವಿಯುವುದು. 1950ರ ದಶಕದ ಶುರುವಿನಲ್ಲಿ ಸ್ವಿಟ್ಜರ್ಲೆಂಡಿನ ಥುನ್ ಊರಿನ ಹತ್ತಿರ ಒಂದೇ ಕಡೆ ಸುಮಾರು ಏಳು ಕೋಟಿ ಸೇರಿದ್ದವು ಅಂತ ಅಂದಾಜು. "ಏಳು ಕೋಟಿ! ಕರ್ನಾಟಕದ ಮಂದಿನೇ ಅಷ್ಟಿಲ್ಲಲ್ರಿ" ಅಂದರು ಅಕ್ಕೋರು. ಅವರು ಜನಗಣತಿ ಕೆಲಸ ಮಾಡಿದವರು, 2011ರ ಲೆಕ್ಕ ಬಾಯಲ್ಲೇ ಇತ್ತು: 6 ಕೋಟಿ 11 ಲಕ್ಷ.

ಮರಗಳು ಸೇರಿಕೊಂಡು ಹೀಗೆ ಆಟ ಆಡುವುದೇಕೆ ಅನ್ನುವುದು ನನಗೆ ಚೆನ್ನಾಗಿ ಅರ್ಥವಾದದ್ದು ಬಿದಿರು ನೆನಪಾದಾಗ. ನಾನು ಹುಡುಗಿಯಾಗಿದ್ದಾಗ ಸಕಲೇಶಪುರದ ಕಡೆ ನಮ್ಮ ಅಜ್ಜನ ಮನೆ ಹಿಂದಿನ ಗುಡ್ಡದ ಬಿದಿರೆಲ್ಲ ಒಂದೇ ಸಲ ಹೂಬಿಟ್ಟಿತು. ಹೆಂಗಸರು ಮೆಳೆಯ ಬುಡ ಗುಡಿಸಿ, ಸಾರಿಸಿ, ಬಿದ್ದ ಬಿದಿರಕ್ಕಿಯನ್ನು ಮೊರದಲ್ಲಿ ಬಾಚುತ್ತಿದ್ದರು. ಎಷ್ಟು ಬಾಚಿದರೂ ಬೆಳಗ್ಗೆ ಮತ್ತೆ ಅಷ್ಟೇ. ಇಲಿ ತಿಂದು, ಕಾಡುಕೋಳಿ ತಿಂದು, ನಾವು ತಿಂದು ಇನ್ನೂ ಮಿಕ್ಕಿತ್ತು. ಆಮೇಲೆ ಬಿದಿರೆಲ್ಲ ಒಣಗಿ ನಿಂತಿತು. ಅಜ್ಜಿ, ಬಿದಿರು ಹೂಬಿಟ್ಟರೆ ಬರ ಅಂತ ದೇವರಿಗೆ ಕೈಮುಗಿಯುತ್ತಿದ್ದಳು. 1976ರಲ್ಲಿ ಡೇನಿಯಲ್ ಜ್ಯಾನ್ಜೆನ್ ಎಂಬ ವಿಜ್ಞಾನಿ, ಬಿದಿರು ಅಷ್ಟೊಂದು ವರ್ಷ ಕಾದು ಒಟ್ಟಿಗೇ ಹೂಬಿಡುವುದೇಕೆ ಅಂತ ಬರೆದದ್ದೂ ಇದನ್ನೇ. ತಿನ್ನುವವರನ್ನು ವರ್ಷಗಟ್ಟಲೆ ಉಪವಾಸ ಕೆಡವಿ ಸಂಖ್ಯೆ ಇಳಿಸುವುದು, ಆಮೇಲೆ ಒಂದೇ ಸಲಕ್ಕೆ ಯಾರೂ ತಿಂದು ಮುಗಿಸಲಾಗದಷ್ಟು ಸುರಿಯುವುದು. ಮಿಕ್ಕದ್ದು ಮೊಳೆಯುತ್ತದೆ. ಸ್ಪ್ರೂಸಿನದೂ ಅದೇ ಉಪಾಯ ಅನ್ನುತ್ತಾರೆ. ಅಂದರೆ ಹಕ್ಕಿ ಹಸಿಯಲಿ ಅಂತಲೇ ಮರ ಕಾಯಿ ಬಿಡುವುದಿಲ್ಲ. ನನಗೇನೋ ಇದು ಸ್ವಲ್ಪ ಕ್ರೂರ ಅನಿಸಿತು. ಅಕ್ಕೋರಿಗೆ ಅನಿಸಲಿಲ್ಲ. "ಮರಕ್ಕೂ ಮಕ್ಕಳ ಅದಾವಲ್ರಿ" ಅಂದರು.

ಇನ್ನೊಂದು ಸ್ವಾರಸ್ಯ. ನಮ್ಮ ಕಡೆಗೂ ಫಿಂಚ್ ಬಳಗದ ಒಂದು ಹಕ್ಕಿ ಚಳಿಗಾಲಕ್ಕೆ ಬರುತ್ತದೆ, ರೋಸ್‌ಫಿಂಚ್. ಗಂಡಿನ ತಲೆ, ಎದೆ ಗುಲಾಬಿ. ಬಿದಿರಕ್ಕಿ ಅಂದರೆ ಅದಕ್ಕೆ ಪ್ರಾಣ. ತೆಲುಗಿನಲ್ಲಿ ಅದನ್ನು ಬಿದಿರುಗುಬ್ಬಿ ಅನ್ನುತ್ತಾರೆ ಅಂತ ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಜೆರ್ಡನ್ ಎಂಬುವನು ನೂರೈವತ್ತು ವರ್ಷಕ್ಕೂ ಹಿಂದೆ ಬರೆದಿಟ್ಟಿದ್ದಾನೆ. ಅಜ್ಜನ ಮನೆಯ ಬಿದಿರಿಗೂ ಅದು ಬಂದಿತ್ತೋ ಏನೋ. ನಾವು ನೋಡುತ್ತಿದ್ದದ್ದು ನೆಲವನ್ನು, ಅಕ್ಕಿ ಬೀಳುತ್ತಿದ್ದದ್ದನ್ನು.

ಫೆಬ್ರವರಿಯಲ್ಲಿ ಕೆಟ್ಟ ಸುದ್ದಿ ಬಂತು. ಕೊಳವೆಯ ಕೆಳಗೆ ಒಂದು ಸಿಸ್ಕಿನ್ ಗರಿ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ನಾನು ಬಾಗಿಲು ತೆಗೆದರೂ ಹಾರಲಿಲ್ಲ. ಸಂಜೆಗೆ ಹೊಟ್ಟಿನ ಮೇಲೆ ಪಕ್ಕಕ್ಕೆ ಒರಗಿತ್ತು. ಅದಕ್ಕೆ ಏನಾಗಿತ್ತು ಅಂತ ಯಾರು ಪರೀಕ್ಷೆ ಮಾಡುತ್ತಾರೆ. ಆದರೆ ಆ ಚಳಿಗಾಲದಲ್ಲಿ ಪಶ್ಚಿಮದ ಕಡೆಯೆಲ್ಲ ಸಿಸ್ಕಿನ್ನುಗಳು ಸಾಲ್ಮೊನೆಲ್ಲಾ ಬೇನೆಯಿಂದ ಸಾಯುತ್ತಿದ್ದವು, ಏಪ್ರಿಲಿನ ಹೊತ್ತಿಗೆ ಅಮೆರಿಕದಲ್ಲಿ ಹಲವರಿಗೆ ಹಕ್ಕಿತಟ್ಟೆ ಮುಟ್ಟಿ ಅದೇ ಬೇನೆ ಬಂದದ್ದೂ ಗೊತ್ತಾಯಿತು. ಒಂದೇ ಕಡ್ಡಿಯ ಮೇಲೆ ನೂರು ಕೂತು, ಅಲ್ಲೇ ಹೇತು, ಅದರ ಮೇಲೇ ತಿನ್ನುವುದು, ಇನ್ನೇನಾಗುತ್ತದೆ. ಕೊಳವೆ ಇಳಿಸಿ, ಬ್ಲೀಚ್ ನೀರಲ್ಲಿ ತೊಳೆದು, ಎರಡು ವಾರ ಏನೂ ಹಾಕಬೇಡಿ ಅಂತ ಸೂಚನೆ. ಅಳಿಯ ಇಳಿಸಿದ. ಅಕ್ಕೋರ ಮಗನೂ ಇಳಿಸಿದ. "ಬರಗಾಲದಾಗ ಗಂಜಿ ಕೇಂದ್ರ ತೆರದಿದ್ರು ನಮ್ಮ ಕಡೆ. ವಾಂತಿಭೇದಿ ಸುರು ಆತಂತ ಮುಚ್ಚಿದ್ರು. ಮಂದಿ ಗಂಗಾಳ ಹಿಡಕೊಂಡು ಬಾಗಲದಾಗ ಕುಂತಿದ್ರು" ಅಂದರು. ಇವೂ ಕೂತವು. ಕೊಳವೆ ನೇತುಹಾಕುತ್ತಿದ್ದ ಬರೀ ಕಂಬಿಯ ಮೇಲೆ ಏಳೆಂಟು ಸಿಸ್ಕಿನ್, ಎರಡು ದಿನ. ನಾನು ಕಿಟಕಿಯ ಪರದೆ ಎಳೆದುಬಿಟ್ಟೆ.

ಮಾರ್ಚಿಯಲ್ಲಿ ಮತ್ತೆ ಕಾಳು ಹಾಕಿದೆವು, ಕೆಲವು ಬಂದವು. ಏಪ್ರಿಲಿನ ಒಂದು ದಿನ ನೋಡುತ್ತೇನೆ, ಒಂದೂ ಇಲ್ಲ. ಹೋಗಿಬರುತ್ತೇವೆ ಅಂತಲೂ ಇಲ್ಲ. ಮೊಮ್ಮಗಳು ಪುಸ್ತಕದಲ್ಲಿ ದುಂಡಗೆ ಸೊನ್ನೆ ಬರೆದಳು. ಅಳಿಯ ಆ ಶನಿವಾರ ಬೇಲಿಯ ಹಲಗೆ ಹೊಡೆಯಲು ಸುತ್ತಿಗೆ ತಂದದ್ದನ್ನು ನಾನೂ ಅಕ್ಕೋರೂ ಸೇರಿ ವಾಪಸು ಕಳಿಸಿದೆವು.

ಅಕ್ಟೋಬರಿನಲ್ಲಿ ನಾನು ಹಾಸನಕ್ಕೆ ವಾಪಸಾದೆ. ಜನವರಿಯಲ್ಲಿ, ಸಂಕ್ರಾಂತಿ ಎಳ್ಳು ಬೀರಿ ಬಂದು ಕೂತಿದ್ದಾಗ ಅಕ್ಕೋರ ಫೋನು.

"ಹಕ್ಕಿ ಬಂದವಾ ಅಕ್ಕೋರೇ?"

"ಒಂದೂ ಇಲ್ರಿ ತಂಗೆವ್ವಾ. ಗುಬ್ಬಿ ಅದಾವು, ಅಳಲು ಅದಾವು. ಗೆರಿ ಹಕ್ಕಿ ಇಲ್ಲ, ಕುಂಕುಮದಾವೂ ಇಲ್ಲ."

"ಅಯ್ಯೋ, ಬೇಜಾರಾಗುತ್ತೇನೋ ನಿಮಗೆ."

"ಬ್ಯಾಸರ ಯಾಕ್ರಿ? ಊರಾಗ ಬೆಳಿ ಬಂದಿರಬೇಕು. ಸಾಲಿ ತುಂಬಿರಬೇಕು." ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಅರ್ಧ ಚೀಲ ಗುರೆಳ್ಳು ಹಂಗ ಉಳದೈತಿ ನೋಡ್ರಿ. ಎಣ್ಣಿಕಾಳು, ಮುಗ್ಗಲ ವಾಸನಿ ಹೊಡಿಯಾಕ ಹತ್ತೈತಿ. ನಿಮ್ಮ ಮಗಳ ಮಾತ ಕೇಳದ ಆವಾಗೇ ಕುಟ್ಟಿಬಿಡಬೇಕಿತ್ತು."